ಅಫೀಮಿನ ದಾಸ್ಯವನ್ನು ಬಿಡಿಸಿದ ಹಳ್ಳಿಯ ಪಂಡಿತ

ಗಸಗಸೆ ಪಾಯಸವನ್ನು ಅರಿಯದ ಕನ್ನಡಿಗನಿಲ್ಲ. ಹಬ್ಬದ ದಿನ ಅದನ್ನುಂಡು ಮಧ್ಯಾಹ್ನ ಚಾಪೆಯ ಮೇಲೆ ಮೈಚೆಲ್ಲುವುದು ನಮ್ಮ ನಾಡಿನ ಹಳೆಯ ಸುಖಗಳಲ್ಲೊಂದು. ಆ ಪಾಯಸದ ಕಾಳಿನಿಂದ ಯಾರಿಗೂ ಕೇಡಾದುದಿಲ್ಲ. ಆದರೆ ಆ ಕಾಳು ಯಾವ ಗಿಡದ್ದೋ ಅದೇ ಗಿಡದ ಹಸಿಯ ಕಾಯನ್ನು ಗೀರಿದರೆ ಒಂದು ಬಗೆಯ ಹಾಲು ಒಸರುತ್ತದೆ. ಅದನ್ನು ಕೆರೆದು ಒಣಗಿಸಿದರೆ ಅಫೀಮು. ಒಂದೇ ಗಿಡ ಒಂದು ಮನೆಯಲ್ಲಿ ಹಬ್ಬವನ್ನು ಮಾಡಿಸಿತು, ಇನ್ನೊಂದು ಮನೆಯ ಬಾಗಿಲನ್ನು ಮುಚ್ಚಿಸಿತು.

ಮುಂಬಯಿಯಲ್ಲಿ ಅನ್ನವನ್ನರಸಿ ನೆಲಸಿರುವ ನಮ್ಮ ವಾಚಕರು ಒಂದು ಸಂಗತಿಯನ್ನು ತಿಳಿದಿರಬೇಕು. ಈ ಪಟ್ಟಣದ ಹಳೆಯ ಸಂಪತ್ತಿನಲ್ಲಿ ಅಫೀಮಿನ ಪಾಲು ಸಣ್ಣದಲ್ಲ. ಮಾಳವ ಪ್ರಾಂತದಲ್ಲಿ ಬೆಳೆದ ಅಫೀಮು ಎತ್ತಿನ ಬಂಡಿಗಳಲ್ಲಿಯೂ ತರುವಾಯ ರೈಲಿನಲ್ಲಿಯೂ ಇಲ್ಲಿಗೆ ಬಂದು, ಇಲ್ಲಿಯ ಬಂದರದಿಂದ ಹಡಗನ್ನೇರಿ ಚೀನಾ ದೇಶಕ್ಕೆ ಹೋಗುತ್ತಿತ್ತು. ಗಂಗೆಯ ಬಯಲಿನ ಅಫೀಮು ಕಲ್ಕತ್ತೆಯಿಂದ ಹೊರಡುತ್ತಿತ್ತು. ೧೮೮೦ರ ಸುಮಾರಿಗೆ ವರ್ಷವೊಂದಕ್ಕೆ ೯೦ ಸಾವಿರಕ್ಕೂ ಮಿಕ್ಕಿದ ಪೆಟ್ಟಿಗೆಗಳು, ಪೆಟ್ಟಿಗೆಯೊಂದಕ್ಕೆ ಸುಮಾರು ೬೦ ಕಿಲೋಗ್ರಾಮಿನಂತೆ, ಹಿಂದೂಸ್ಥಾನದಿಂದ ಸಾಗಿದುವು. ಜ್ವರ ಬಂದರೆ ನಮ್ಮ ಹೋಟೆಲಿನ ಹುಡುಗರು ಹೋಗಿ ಸಾಲಿನಲ್ಲಿ ನಿಲ್ಲುವ ಜೆ. ಜೆ. ಆಸ್ಪತ್ರೆಯು ಯಾವ ಮಹಾದಾನಿಯ ಹೆಸರನ್ನು ಹೊತ್ತಿದೆಯೋ ಆ ಜಮ್‌ಶೇಟ್‌ಜಿ ಜೀಜೀಭಾಯಿಯವರ ಐಶ್ವರ್ಯವೂ ಬಹುಮಟ್ಟಿಗೆ ಚೀನಾದ ಹತ್ತಿ ಮತ್ತು ಅಫೀಮು ವ್ಯಾಪಾರದಿಂದಲೇ ಬಂದುದು. ಅವರನ್ನು ಹಳಿಯುವುದಕ್ಕಾಗಿ ನಾವು ಇದನ್ನು ಹೇಳುತ್ತಿಲ್ಲ. ಅಂದು ಆ ವ್ಯಾಪಾರವನ್ನು ಕಾಯುತ್ತಿದ್ದುದು ಬ್ರಿಟಿಷ್ ಸರಕಾರವೇ ಆಗಿತ್ತು. ಹಡಗು ಇಲ್ಲಿಂದ ಹೊರಟ ಮೇಲೆ ಆ ಸರಕು ಮುಟ್ಟಿದ ದೇಶದಲ್ಲಿ ಏನಾಯಿತು, ಅದರ ಬಲೆಯಿಂದ ಹಳ್ಳಿಯ ಜನರನ್ನು ಹೊರಗೆಳೆಯಲು ಒಬ್ಬ ಹಳ್ಳಿಗನೇ ಹೇಗೆ ದುಡಿದನು, ಎಂಬುದನ್ನು ಹೇಳುವುದಕ್ಕಾಗಿ ಪೀಠಿಕೆಯನ್ನು ಹಾಕಿದ್ದೇವೆ.

ಆತನ ಹೆಸರು ಷೀ ಷೆಂಗ್‌ಮೊ. ಉತ್ತರ ಚೀನಾದ ಷಾನ್ಸಿ ಪ್ರಾಂತದ ದಕ್ಷಿಣ ಭಾಗದಲ್ಲಿ ಪಿಂಗ್‌ಯಾಂಗ್ ಎಂಬ ಪಟ್ಟಣವಿತ್ತು. ಈಗ ಅದನ್ನು ಲಿನ್‌ಫೆನ್ ಎನ್ನುತ್ತಾರೆ. ಅದರ ಸಮೀಪದ ಒಂದು ಹಳ್ಳಿಯಲ್ಲಿ ೧೮೩೫ರ ಸುಮಾರಿಗೆ ಆತನು ಹುಟ್ಟಿದನು. ಕುಲದಲ್ಲಿ ವಿದ್ಯೆಯಿತ್ತು, ನಾಟಿವೈದ್ಯದ ಪರಿಚಯವಿತ್ತು, ಉಂಡುಡಲು ಸಾಕಷ್ಟು ಹೊಲವೂ ಇತ್ತು. ನಾಲ್ವರು ಗಂಡುಮಕ್ಕಳಲ್ಲಿ ಈತನೇ ಕಿರಿಯವನು. ಏಳನೆಯ ವಯಸ್ಸಿನಲ್ಲಿ ಓದಿಗೆ ಕುಳಿತವನು ಹದಿನಾರನೆಯ ವಯಸ್ಸಿನಲ್ಲಿಯೇ ರಾಜ್ಯದ ಮೊದಲ ಪದವಿಯ ಪರೀಕ್ಷೆಯಲ್ಲಿ ತೇರ್ಗಡೆಯಾದನು. ತಲೆನರೆತ ಮುದುಕರೂ ಈ ಪದವಿಗಾಗಿ ವರ್ಷವರ್ಷವೂ ಪರೀಕ್ಷೆಗೆ ಕುಳಿತು ನಿರಾಶರಾಗಿ ಮರಳುತ್ತಿದ್ದ ಕಾಲವದು. ಆದ್ದರಿಂದ ಹುಡುಗನ ಕೀರ್ತಿ ಸುತ್ತಮುತ್ತಲ ಹಳ್ಳಿಗಳಲ್ಲಿ ಹಬ್ಬಿತು. ಮುಂದೆ ವ್ಯಾಜ್ಯಗಳಲ್ಲಿ ಸಿಲುಕಿದವರು ಅರ್ಜಿ ಬರೆಯಿಸಲು, ಪಂಚಾಯತಿಯಲ್ಲಿ ವಾದಿಸಲು ಈತನ ಬಾಗಿಲಿಗೆ ಬರತೊಡಗಿದರು. ಮಾತು ಹರಿತ, ಸ್ವಭಾವ ಬಿರುಸು. ಹಳ್ಳಿಯಲ್ಲಿ ಆತನಿಗೆ ಅಂಜದವರು ಕಡಮೆ.

ಚಿಕ್ಕಂದಿನಿಂದಲೂ ಆತನನ್ನು ಒಂದು ಚಿಂತೆ ಬಾಧಿಸುತ್ತಿತ್ತು: ಬದುಕುವುದೇಕೆ, ಸತ್ತ ಮೇಲೆ ಏನಾಗುತ್ತದೆ? ತಂದೆತಾಯಿಗಳು ತೀರಿಹೋದರು. ಅಣ್ಣತಮ್ಮಂದಿರು ಪಾಲಾದರು. ಮೊದಲನೆಯ ಹೆಂಡತಿ ಮಕ್ಕಳಿಲ್ಲದೆ ಮಡಿದಳು. ಎರಡನೆಯ ಮದುವೆಯಾದ ಮೇಲೆ ದೇಹವೂ ಕೈಕೊಟ್ಟಿತು. ಆಗ ಗೆಳೆಯರು ಹಿತವನ್ನೇ ಬಯಸಿ ಒಂದು ಸಲಹೆಯನ್ನಿತ್ತರು. ಅಫೀಮಿನ ಎರಡು ದಮ್ಮು ಎಳೆದರೆ ನೋವು ಶಮನವಾಗುತ್ತದೆ, ಮನಸ್ಸು ಹಗುರವಾಗುತ್ತದೆ, ಆಮೇಲೆ ಬಿಟ್ಟರಾಯಿತು. ಅವರು ಹೇಳಿದ ಮೊದಲೆರಡು ಮಾತುಗಳು ನಿಜವಾದುವು. ಮೂರನೆಯದು ಸುಳ್ಳಾಯಿತು.

ಹತ್ತು ವರ್ಷಗಳ ಕಾಲ ಆ ಕೊಳವೆ ಆತನ ಕೈಬಿಡಲಿಲ್ಲ. ಪುಸ್ತಕಗಳು ಧೂಳು ಹಿಡಿದುವು, ಬಟ್ಟೆ ಮಾಸಿತು, ಮೈ ಒಣಗಿತು. ಒಮ್ಮೆಯಂತೂ ಮನೆಯವರು ಆತನು ಉಳಿಯುವುದಿಲ್ಲವೆಂದೇ ಬಗೆದು, ಅವರ ಪದ್ಧತಿಯಂತೆ ಸಾವಿಗೆ ತಕ್ಕ ಒಳ್ಳೆಯ ಉಡುಪನ್ನು ತೊಡಿಸಿ ಮಲಗಿಸಿದ್ದರು. ಅಫೀಮಿನ ಮರ್ಮವೇನೆಂದರೆ, ಕೆಲವು ದಿನಗಳ ತರುವಾಯ ಮನುಷ್ಯನು ಸುಖಕ್ಕಾಗಿ ಅದನ್ನು ಸೇದುವುದಿಲ್ಲ. ಸೇದದಿದ್ದರೆ ಬರುವ ಯಾತನೆಗೆ ಹೆದರಿ ಸೇದುತ್ತಾನೆ. ಶರೀರವೇ ಅದಕ್ಕೆ ಹೊಂದಿಕೊಂಡುಬಿಟ್ಟಿರುತ್ತದೆ. ಇದನ್ನು ಬಲ್ಲವರು ಚಟಹಿಡಿದವನಿಗೆ ನಾಚಿಕೆಯಿಲ್ಲವೆಂದು ಬಯ್ಯುವುದಿಲ್ಲ. ನಾಚಿಕೆ ಅವನಿಗೆ ಬೇಕಾದುದಕ್ಕಿಂತ ಹೆಚ್ಚಾಗಿಯೇ ಇರುತ್ತದೆ. ಊರಿಗೆ ಬರೆಯುವ ಕಾಗದದಲ್ಲಿ ಎಲ್ಲ ಕ್ಷೇಮವೆಂದು ಬರೆದು, ತಿಂಗಳ ಮನಿಯಾರ್ಡರು ಏಕೆ ಕಡಮೆಯಾಯಿತೆಂಬುದನ್ನು ಬರೆಯದ ಮಗನು ಯಾವ ದೇಶದಲ್ಲಿ ತಾನೇ ಇಲ್ಲ?

ಷಾನ್ಸಿಯ ದುರವಸ್ಥೆ ಈತನೊಬ್ಬನದಾಗಿರಲಿಲ್ಲ. ಎರಡನೆಯ ಅಫೀಮು ಯುದ್ಧದ ನಡುವೆ, ೧೮೫೮ರ ಒಡಂಬಡಿಕೆಗಳ ತರುವಾಯ, ಅಫೀಮಿನ ಆಮದು ಕಾನೂನುಬದ್ಧವಾಯಿತು. ಪರದೇಶದ ಸರಕಿಗೆ ಹಣ ತೆರುವುದಕ್ಕಿಂತ ನಾವೇ ಬೆಳೆಯಬಾರದೇಕೆಂದು ರೈತರು ಒಳನಾಡಿನಲ್ಲಿ ಗೋದಿಯ ಹೊಲಗಳಿಗೆ ಗಸಗಸೆಯನ್ನು ಬಿತ್ತಿದರು. ಕಡಲಿಗೆ ಬಹುದೂರವಾದ ಷಾನ್ಸಿಯ ಹಳ್ಳಿಗಳಲ್ಲಿ ಸೇದುತ್ತಿದ್ದುದು ಹೆಚ್ಚಾಗಿ ಈ ಸ್ವದೇಶದ ಅಫೀಮನ್ನೇ. ಗಂಡಸರು, ಹೆಂಗಸರು, ಕೂಲಿಗಳು, ಶಾಲೆಯ ಪಂತರು, ಯಾರೂ ಹೊರತಾಗಿರಲಿಲ್ಲ. ಆ ಮೇಲೆ ೧೮೭೬ರಿಂದ ಮೂರು ವರ್ಷ ಮಳೆ ಕೈಕೊಟ್ಟಿತು. ನಮ್ಮ ಹಿರಿಯರು ಧಾತು ಈಶ್ವರ ಬರಗಾಲವೆಂದು ನಡುಗುತ್ತ ನೆನೆಯುತ್ತಿದ್ದ ವರ್ಷಗಳೂ ಅವೇ. ಮೈಸೂರು ಸಂಸ್ಥಾನವೊಂದರಲ್ಲಿಯೇ ಸುಮಾರು ೧೦ ಲಕ್ಷ ಜನ ಅಳಿದ ಕಾಲದಲ್ಲಿ, ಉತ್ತರ ಚೀನಾದಲ್ಲಿ ೯೦ ಲಕ್ಷದಿಂದ ೧ ಕೋಟಿ ೩೦ ಲಕ್ಷದವರೆಗೆ ಸತ್ತರೆಂದು ಎಣಿಕೆ. ಷಾನ್ಸಿಯಲ್ಲಿ ಊರಿಗೆ ಊರೇ ಬರಿದಾಯಿತು. ಗಸಗಸೆ ಬೆಳೆದ ಹೊಲದಲ್ಲಿ ಕಾಳಿನ ದಾಸ್ತಾನು ಎಲ್ಲಿಂದ ಬರಬೇಕು?

ಬರಪರಿಹಾರಕ್ಕಾಗಿ ೧೮೭೮ರಲ್ಲಿ ಅಲ್ಲಿಗೆ ಬಂದವರಲ್ಲಿ ಡೇವಿಡ್ ಹಿಲ್ ಎಂಬ ಇಂಗ್ಲಿಷ್ ಪಾದ್ರಿಯೊಬ್ಬರಿದ್ದರು. ಹಣವನ್ನು ಹಂಚುತ್ತ ಹಳ್ಳಿಹಳ್ಳಿ ಅಲೆದ ಸೌಮ್ಯ ಸ್ವಭಾವದ ಮನುಷ್ಯ. ೧೮೭೯ರಲ್ಲಿ ಅವರು ವಿದ್ವಾಂಸರಿಗಾಗಿ ಒಂದು ಪ್ರಬಂಧ ಸ್ಪರ್ಧೆಯನ್ನು ಸಾರಿದರು. ಪರದೇಶಿಯರ ಮುಖವನ್ನು ನೋಡಲೊಲ್ಲದ ಪಂಡಿತರನ್ನು ಹತ್ತಿರ ತರುವ ಉಪಾಯವದು. ಷೀ ಬೇರೆ ಬೇರೆ ಹೆಸರುಗಳಿಂದ ಹಲವು ಪ್ರಬಂಧಗಳನ್ನು ಬರೆದು ಕಳುಹಿದನು. ಇದ್ದ ನಾಲ್ಕು ಬಹುಮಾನಗಳಲ್ಲಿ ಮೂರು ಆತನಿಗೇ ಬಂದುವು! ಅಫೀಮು ದೇಹವನ್ನು ಮುರಿದಿದ್ದರೂ ಲೇಖನಿಯನ್ನು ಮುರಿದಿರಲಿಲ್ಲ. ಹಣವನ್ನು ತರಲು ಪರದೇಶಿಯ ಮನೆಗೆ ಹೋಗಬೇಕಾಯಿತು. ಪರದೇಶಿಗಳು ಮಾಟ ಮಾಡುತ್ತಾರೆಂಬ ಪುಕಾರು ಊರಲ್ಲೆಲ್ಲ ಇದ್ದುದರಿಂದ ಮನೆಯವರು ಬಹಳ ಹೆದರಿದರು. ಹಿಲ್ ಆತನನ್ನು ತಮ್ಮ ಚೀನೀ ಭಾಷೆಯ ಗುರುವನ್ನಾಗಿ ಇರಿಸಿಕೊಂಡರು.

ಆ ಮನೆಯಲ್ಲಿ ಬೈಬಲನ್ನು ಓದಿ ಆತನ ಮನಸ್ಸು ತಿರುಗಿತು. ಅದರೊಡನೆ ಅಫೀಮನ್ನು ಬಿಡಬೇಕೆಂಬ ನಿಶ್ಚಯವೂ ಆಯಿತು. ನಿಶ್ಚಯ ಮಾಡುವುದು ಒಂದು ಗಳಿಗೆಯ ಕೆಲಸ. ಮುಂದಿನ ಏಳು ದಿನಗಳು ಹೇಗೆ ಕಳೆದುವೆಂಬುದನ್ನು ಓದಿದರೆ ಮೈ ಜುಮ್ಮೆನ್ನುತ್ತದೆ. ಕಣ್ಣು ಮೂಗುಗಳಲ್ಲಿ ನೀರು, ಹೊಟ್ಟೆಯಲ್ಲಿ ಕತ್ತರಿಸುವ ನೋವು, ಚಳಿ, ಬೆವರು; ನಿದ್ರೆಯಿಲ್ಲ, ಊಟವಿಲ್ಲ. ಒಮ್ಮೆ ಸೇದಿದರೆ ಎಲ್ಲವೂ ನಿಲ್ಲುತ್ತದೆಂಬುದು ಅವನಿಗೆ ಗೊತ್ತಿತ್ತು. ಸುತ್ತಲಿದ್ದವರು ನಾಟಿ ಮದ್ದನ್ನೂ ಪರದೇಶದ ಮದ್ದನ್ನೂ ಕೊಟ್ಟು ನೋಡಿದರು. ಹೆಚ್ಚು ಗುಣ ಕಾಣಲಿಲ್ಲ. ತನ್ನನ್ನು ಕಾಪಾಡಿದುದು ಪ್ರಾರ್ಥನೆಯೇ ಎಂದು ಆತನು ಕೊನೆಯವರೆಗೂ ನಂಬಿದನು. ವಾಚಕರು ತಮ್ಮ ತಮ್ಮ ಶ್ರದ್ಧೆಯಂತೆ ಅರ್ಥ ಮಾಡಿಕೊಳ್ಳಬಹುದು. ಹತ್ತು ವರ್ಷ ಸೇದಿದವನು ಮತ್ತೆ ಸೇದಲಿಲ್ಲವೆಂಬುದಂತೂ ನಿಜ. ಷೆಂಗ್‌ಮೊ ಎಂಬುದು ತಂದೆತಾಯಿ ಇಟ್ಟ ಹೆಸರಲ್ಲ, ಆಗ ತಾನಾಗಿ ಧರಿಸಿದ ಹೆಸರು. ಭೂತವನ್ನು ಗೆದ್ದವನು ಎಂದು ಅದರ ಅರ್ಥ. ಊರಿಗೆ ಮರಳಿದ ಮೇಲೆ ಆತನು ಮಾಡಿದ ಮೊದಲ ಕೆಲಸಗಳಲ್ಲಿ ಒಂದು, ಮನೆಯಿಂದ ಹೊರಗಾಗಿದ್ದ ಮಲತಾಯಿಯನ್ನು ಕರೆತಂದು ಇಟ್ಟುಕೊಂಡುದು. ಮುನಿಸಿಕೊಂಡಿದ್ದ ಅಣ್ಣಂದಿರೊಡನೆಯೂ ರಾಜಿಯಾದನು.

ಷೀ ಸಮೀಪದ ಒಂದು ಪೇಟೆಯಲ್ಲಿ ಔಷಧದ ಅಂಗಡಿಯನ್ನು ತೆರೆದನು. ಅಷ್ಟರಲ್ಲಿ ಪಿಂಗ್‌ಯಾಂಗಿನಲ್ಲಿ ಪಾದ್ರಿಗಳು ಅಫೀಮು ಬಿಡಿಸುವ ಔಷಧವನ್ನು ಕೊಡುತ್ತಿದ್ದರು. ಆದರೆ ಪಟ್ಟಣಕ್ಕೆ ಹೋಗಿ ವಾರಗಟ್ಟಲೆ ನಿಲ್ಲಲು ಹಳ್ಳಿಯ ರೈತನಿಗೆ ಸಾಧ್ಯವೇ? ದಾರಿ ದೂರ, ಕೈಯಲ್ಲಿ ಕಾಸಿಲ್ಲ, ಹೊಲ ಬಿಟ್ಟರೆ ಬೆಳೆ ಕೆಡುತ್ತದೆ, ಪರದೇಶಿಯ ಬಾಗಿಲೆಂದರೆ ಭಯ. ಹೀಗಿರಲಾಗಿ ೧೮೮೧ರ ಸುಮಾರಿಗೆ ಒಂದು ಹಳ್ಳಿಯಲ್ಲಿ ಗ್ರಾಮಸ್ಥನೊಬ್ಬನ ಮನೆಯಲ್ಲಿಯೇ ರೋಗಿಗಳನ್ನು ಇರಿಸಿಕೊಳ್ಳುವ ಏರ್ಪಾಡಾಯಿತು. ಅದೇ ಮುಂದಿನ ಆಶ್ರಯಗಳಿಗೆಲ್ಲ ಮೇಲ್ಪಂಕ್ತಿ. ಜನ ಕಿಕ್ಕಿರಿದು ಬಂದರು. ಪಾದ್ರಿಗಳು ಒದಗಿಸುತ್ತಿದ್ದ ಪರದೇಶದ ಔಷಧ ತೀರಿಹೋಯಿತು. ಅರ್ಧ ಚಿಕಿತ್ಸೆಯಲ್ಲಿರುವವರನ್ನು ಹಿಂದಕ್ಕೆ ಕಳುಹಿದರೆ ಅವರು ನೆಟ್ಟಗೆ ಕೊಳವೆಯ ಬಳಿಗೇ ಹೋಗುವರು. ಷೀ ಉಪವಾಸವಿದ್ದು, ಪ್ರಾರ್ಥನೆ ಮಾಡಿ, ಕುಲಪರಂಪರೆಯಿಂದ ಬಂದಿದ್ದ ವೈದ್ಯಜ್ಞಾನವನ್ನು ಹಚ್ಚಿ, ನಾಡಿನಲ್ಲೇ ದೊರೆಯುವ ಮೂಲಿಕೆಗಳಿಂದ ಗುಳಿಗೆಗಳನ್ನು ಸಿದ್ಧಪಡಿಸಿದನು. ಅಂದಿನಿಂದ ಔಷಧಕ್ಕಾಗಿ ಸಮುದ್ರದಾಚೆಯ ಹಡಗನ್ನು ಕಾಯಬೇಕಾಗಲಿಲ್ಲ. ಬೆಲೆಯೂ ಇಳಿಯಿತು.

ಆಶ್ರಯವೆಂದರೆ ದೊಡ್ಡ ಕಟ್ಟಡವೆಂದು ಊಹಿಸಬಾರದು. ಬಾಡಿಗೆಯ ಸಾಧಾರಣ ಮನೆ, ಚೀನಾದ ಉತ್ತರ ಭಾಗದಲ್ಲಿ ಮಲಗಲು ಬಳಸುವ, ಅಡಿಯಲ್ಲಿ ಬೆಂಕಿ ಹಾಕಿ ಬೆಚ್ಚಗಿಡುವ ಜಗಲಿ, ಒಂದು ಅಡಿಗೆಮನೆ. ಬಂದವನು ತನ್ನ ಊಟದ ಮತ್ತು ಔಷಧದ ಖರ್ಚನ್ನು ತಾನೇ ಕೊಡಬೇಕು, ಸೇದುವ ಸಾಮಾನನ್ನು ಒಪ್ಪಿಸಬೇಕು, ಕೆಲವು ವಾರ ಅಲ್ಲೇ ಇರಬೇಕು. ಗುಳಿಗೆಯ ಪ್ರಮಾಣವನ್ನು ದಿನದಿನಕ್ಕೆ ಇಳಿಸುತ್ತಾರೆ. ಬೆಳಗ್ಗೆ ಸಾಯಂಕಾಲ ಪ್ರಾರ್ಥನೆ, ಹಾಡು. ಷೀ ತಾನೇ ಅನೇಕ ಹಾಡುಗಳನ್ನು ಕಟ್ಟಿದ್ದನು. ನಡುರಾತ್ರಿ ಯಾತನೆ ಉಕ್ಕಿ ಬಂದು ರೋಗಿ ಗೋಡೆಗೆ ತಲೆ ಚಚ್ಚಿಕೊಳ್ಳುವಾಗ ಪಕ್ಕದಲ್ಲಿ ಒಬ್ಬನು ಕುಳಿತಿರುತ್ತಾನೆ. ಆ ಒಬ್ಬನು ಯಾರು? ಡಾಕ್ಟರನಲ್ಲ, ಪರದೇಶಿಯಲ್ಲ. ಹೋದ ವರ್ಷ ಅದೇ ಜಗಲಿಯ ಮೇಲೆ ಅದೇ ರೀತಿ ಹೊರಳಾಡಿದವನು. ರೋಗಿಯ ಸಬೂಬುಗಳೆಲ್ಲ ಅವನಿಗೆ ಬಾಯಿಪಾಠ. ಇಂಥ ರಾತ್ರಿ ಮುಗಿಯುತ್ತದೆಂಬುದೂ ಅವನಿಗೆ ಸ್ವಾನುಭವದಿಂದ ತಿಳಿದ ಸಂಗತಿ.

ಈ ಏರ್ಪಾಡು ಹಬ್ಬಿದ ರೀತಿಯನ್ನು ನಮ್ಮ ವಾಚಕರಿಗೆ ವಿವರಿಸಬೇಕಾದುದೇ ಇಲ್ಲ. ಲೋಟ ತೊಳೆಯಲು ಬಂದ ಹುಡುಗ ಮಾಣಿಯಾಗಿ, ಮಾಣಿ ಗಲ್ಲಾದ ಮೇಲೆ ಕುಳಿತು, ಆಮೇಲೆ ಮತ್ತೊಂದು ಪಟ್ಟಣದಲ್ಲಿ ತನ್ನದೇ ಹೋಟೆಲನ್ನು ತೆರೆದು ಊರಿನಿಂದ ನಾಲ್ಕು ಹುಡುಗರನ್ನು ಕರೆಸಿಕೊಳ್ಳುತ್ತಾನಷ್ಟೆ? ಷೀಯ ಆಶ್ರಯಗಳೂ ಹಾಗೆಯೇ ಬೆಳೆದುವು. ಗುಣಹೊಂದಿದವನು ಸಹಾಯಕನಾದನು. ಸಹಾಯಕನು ಷೀಯ ಮನೆಯಲ್ಲಿ ಕೆಲವು ಕಾಲವಿದ್ದು ಹೊಲದಲ್ಲಿ ದುಡಿದು, ಗುಳಿಗೆ ಕಟ್ಟುವುದನ್ನು ನೋಡಿ, ಶಿಸ್ತನ್ನು ಕಲಿತನು. ಮುಂದೆ ಅವನನ್ನೇ ಹೊಸ ಊರಿಗೆ ಕಳುಹುವರು. ರೋಗಿಗಳ ಹಣದಿಂದಲೇ ಮನೆ ನಡೆಯಬೇಕು. ಪರದೇಶದ ಹಣಕ್ಕೆ ಬಾಯಿ ತೆರೆಯಕೂಡದು. ಈ ಕ್ರಮದಿಂದ ಷಾನ್ಸಿ, ಷಾನ್‌ಷಿ, ಹೊನಾನ್, ಜಿಲಿ ಎಂಬ ನಾಲ್ಕು ಪ್ರಾಂತಗಳಲ್ಲಿ ಸುಮಾರು ೪೦ ಆಶ್ರಯಗಳಾದುವು.

ಹುವೋಜೋ ಎಂಬ ಪಟ್ಟಣದ ಕಥೆಯನ್ನು ಬಿಡಲಾಗದು. ಅಲ್ಲಿ ಆಶ್ರಯವಿಲ್ಲವೆಂಬ ಕೊರಗು ಷೀಗೆ ಬಹಳವಿತ್ತು. ದಿನವೂ ಮನೆಯ ಪ್ರಾರ್ಥನೆಯಲ್ಲಿ ಆ ಊರಿನ ಹೆಸರು ಬರುತ್ತಿತ್ತು, ಹಣ ಮಾತ್ರ ಬರಲಿಲ್ಲ. ಒಂದು ದಿನ ಆತನ ಹೆಂಡತಿ ಒಂದು ಗಂಟನ್ನು ತಂದು ಮುಂದಿಟ್ಟಳು. ಬಿಚ್ಚಿದರೆ ಉಂಗುರ, ಬಳೆ, ತಲೆಯ ಚಿನ್ನಬೆಳ್ಳಿಯ ಒಡವೆ. ಮದುವೆಯಲ್ಲಿ ಬಂದುದೆಲ್ಲ ಅದರಲ್ಲಿತ್ತು. ಇವಿಲ್ಲದೆಯೂ ತಾನು ಇರಬಲ್ಲೆನೆಂದೂ ಹುವೋಜೋಗೆ ಇದು ಆಗಲೆಂದೂ ತಿಳಿಸಿದಳು. ಒಡವೆಯನ್ನು ಮಾರಿ ಬಂದ ಹಣದಿಂದ ಆ ಊರಿನಲ್ಲಿ ಮನೆ ತೆರೆಯಿತು. ತಿಂಗಳ ಕೊನೆಗೆ ಅಡವಿನಂಗಡಿಯ ಮೆಟ್ಟಿಲನ್ನು ಹತ್ತಿದ ಅನುಭವವಿರುವ ಗೃಹಸ್ಥರು ಈ ಗಂಟಿನ ತೂಕವನ್ನು ಬಲ್ಲರು.

ಎಲ್ಲವೂ ಸುಗಮವಾಗಿ ನಡೆಯಿತೆಂದರೆ ಸುಳ್ಳಾದೀತು. ಆಶ್ರಯದಲ್ಲಿ ಹಣದ ಓಡಾಟವಿತ್ತು, ಹಣವಿದ್ದಲ್ಲಿ ಆಸೆಯೂ ಇತ್ತು. ಕೆಲವು ಹಳೆಯ ಸಹಾಯಕರೇ ತಿರುಗಿಬಿದ್ದು, ಎದುರಾಗಿ ತಮ್ಮ ಆಶ್ರಯಗಳನ್ನು ತೆರೆದು, ಅಗ್ಗದ ಗುಳಿಗೆಗಳನ್ನು ಮಾರತೊಡಗಿದರು. ಷೀಯ ಮೇಲೆ ಅಪವಾದಗಳನ್ನು ಹೊರಿಸಿದರು, ಮೈಮೇಲೆ ಬೀಳುವವರೆಗೂ ಹೋದರು. ಇದಕ್ಕೆ ಷೀಯ ಸ್ವಭಾವವೂ ಸ್ವಲ್ಪಮಟ್ಟಿಗೆ ಕಾರಣವಾಗಿರಬೇಕೆಂದು ನಮ್ಮ ಎಣಿಕೆ. ವ್ಯಾಜ್ಯಗಳ ಕಾಲದ ಬಿರುಸು ಆತನಲ್ಲಿ ಪೂರ್ತಿ ಸಾಯಲಿಲ್ಲ. ತಾನು ಹೇಳಿದುದೇ ನಡೆಯಬೇಕು ಎನ್ನುವ ಯಜಮಾನಿಕೆ ಇತ್ತು. ಎದುರಾಳಿಗಳ ಆಶ್ರಯಗಳು ಕಾಲಕ್ರಮದಲ್ಲಿ ಮುಚ್ಚಿಹೋದುವು. ೧೮೮೬ರಲ್ಲಿ ಹಡ್ಸನ್ ಟೇಲರ್ ಎಂಬ ಮಿಷನರಿ ಮುಖಂಡರು ಷಾನ್ಸಿಗೆ ಬಂದು ಈತನಿಗೆ ಆ ಸೀಮೆಯ ಸಭೆಗಳ ಗುರುದೀಕ್ಷೆಯನ್ನು ಕೊಟ್ಟರು. ಹಿಂದಿನ ವರ್ಷ ಚೀನಾಕ್ಕೆ ಬಂದಿದ್ದ ಡಿಕ್ಸನ್ ಹೋಸ್ಟ್ ಎಂಬ ಇಂಗ್ಲಿಷರು, ಮುಂಚೆ ಫಿರಂಗಿ ಪಡೆಯ ಅಧಿಕಾರಿಯಾಗಿದ್ದವರು, ಸುಮಾರು ಹತ್ತು ವರ್ಷ ಈ ಹಳ್ಳಿಯ ಪಂಡಿತನ ಜೊತೆಯಲ್ಲಿ ಆತನನ್ನೇ ಮುಂದಿಟ್ಟುಕೊಂಡು ದುಡಿದರು. ಬಿಳಿಯರು ಮುಂದೆ, ಕರಿಯರೂ ಹಳದಿಯರೂ ಹಿಂದೆ ಎಂಬ ಆ ಕಾಲದಲ್ಲಿ ಇದು ಸಾಮಾನ್ಯವಾದ ನಡೆವಳಿಕೆಯಲ್ಲ.

ಔಷಧದ ವಿಷಯದಲ್ಲಿಯೂ ಒಂದು ಮಾತನ್ನು ಮರೆಮಾಡದೆ ಹೇಳಬೇಕು. ಆ ದಿನಗಳಲ್ಲಿ ಚೀನಾದ ತುಂಬ ಅಫೀಮು ಬಿಡಿಸುವ ಗುಳಿಗೆಗಳೆಂದು ಮಾರುತ್ತಿದ್ದ ಅನೇಕ ಸರಕುಗಳಲ್ಲಿ ಮಾರ್ಫೀನ್ ಇರುತ್ತಿತ್ತು. ಮಾರ್ಫೀನ್ ಅಫೀಮಿನದೇ ಸತ್ತ್ವ. ಮಿಷನರಿಗಳು ಕೊಟ್ಟ ಇಂಥ ಗುಳಿಗೆಗಳಿಗೆ ಜನ ಯೇಸುವಿನ ಅಫೀಮು ಎಂದೇ ಹೆಸರಿಟ್ಟಿದ್ದರು. ಕೊಳವೆಯನ್ನು ಬಿಟ್ಟವನು ಗುಳಿಗೆಗೆ ಅಂಟಿಕೊಂಡ ಉದಾಹರಣೆಗಳು ಬೇಕಾದಷ್ಟಿವೆ. ಇನ್ನು ಕೆಲವು ವಾರಗಳಲ್ಲಿ ಚಟವನ್ನು ಬಿಡಿಸಿ ಮನೆಗೆ ಕಳುಹುವ ಪದ್ಧತಿಯೇ ಅಪೂರ್ಣವೆಂದು ಇಂದಿನ ವೈದ್ಯರು ಬಲ್ಲರು. ಯಾತನೆ ವಾರ ಹತ್ತು ದಿನಗಳಲ್ಲಿ ಇಳಿಯುತ್ತದೆ, ಬಯಕೆ ವರ್ಷಗಟ್ಟಲೆ ಇಳಿಯುವುದಿಲ್ಲ. ಬಿಟ್ಟು ಕೆಲವು ಕಾಲವಾದ ಮೇಲೆ ಹಳೆಯ ಪ್ರಮಾಣವನ್ನೇ ತೆಗೆದುಕೊಂಡರೆ, ಶರೀರ ಅದನ್ನು ತಾಳುವ ಶಕ್ತಿಯನ್ನು ಕಳೆದುಕೊಂಡಿರುವುದರಿಂದ, ಉಸಿರು ನಿಂತು ಪ್ರಾಣವೇ ಹೋಗಬಹುದು. ೧೯೬೦ರ ದಶಕದಲ್ಲಿ ನ್ಯೂಯಾರ್ಕಿನಲ್ಲಿ ವಿನ್ಸೆಂಟ್ ಡೋಲ್ ಮತ್ತು ಮೇರಿ ನೈಸ್ವಾಂಡರ್ ಎಂಬ ವೈದ್ಯರು ಮೆಥಡೋನ್ ಎಂಬ ಔಷಧವನ್ನು ನಿಯಮಿತ ಪ್ರಮಾಣದಲ್ಲಿ ದೀರ್ಘಕಾಲ ಕೊಡುವ ಕ್ರಮವನ್ನು ತೋರಿಸಿದರು. ಅದೂ ಬ್ಯುಪ್ರಿನಾರ್ಫಿನ್ ಎಂಬ ಇನ್ನೊಂದೂ ೨೦೦೫ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಅವಶ್ಯಕ ಔಷಧಗಳ ಪಟ್ಟಿಯನ್ನು ಸೇರಿದುವು. ವೈದ್ಯರ ಕಣ್ಣಿನಡಿಯಲ್ಲಿ ಇವನ್ನು ತೆಗೆದುಕೊಳ್ಳುವವರು ಕೆಲಸಕ್ಕೆ ಹೋಗುತ್ತಾರೆ, ಸಂಸಾರ ನಡೆಸುತ್ತಾರೆ; ಸಾಯುವವರ ಸಂಖ್ಯೆ ಬಹಳ ಇಳಿಯುತ್ತದೆ.

ಷೀಯ ಬಳಿ ಈ ಔಷಧವಿರಲಿಲ್ಲ. ಔಷಧವಿರುವ ನಮ್ಮ ಕಾಲದಲ್ಲಿ ಆತನ ಆಶ್ರಯದಂಥ ಹತ್ತಿರದ ಬಾಗಿಲು ಸಾಲದಾಗಿದೆ. ನಮ್ಮ ದೇಶದಲ್ಲಿ ಅಫೀಮು, ಹೆರಾಯಿನ್ ಮತ್ತು ಆ ಜಾತಿಯ ಗುಳಿಗೆಗಳನ್ನು ಬಳಸುವವರು ೨ ಕೋಟಿ ೨೬ ಲಕ್ಷದಷ್ಟಿರುವರೆಂದೂ, ಅವರಲ್ಲಿ ಸುಮಾರು ೭೭ ಲಕ್ಷ ಜನರಿಗೆ ಚಿಕಿತ್ಸೆಯ ನೆರವು ಬೇಕಾಗಿದೆಯೆಂದೂ ೨೦೧೯ರಲ್ಲಿ ಪ್ರಕಟವಾದ ಕೇಂದ್ರ ಸರಕಾರದ ಸಮೀಕ್ಷೆ ಲೆಕ್ಕ ಹಾಕಿತು. ಅವರೆಲ್ಲರೂ ದೊಡ್ಡಾಸ್ಪತ್ರೆಯ ದಾರಿಯಲ್ಲಿರುವವರಲ್ಲ. ಇಡೀ ದಿನ ನಿಂತು ದುಡಿದು ಸೊಂಟದ ನೋವಿಗೆಂದು ಅಂಗಡಿಯಿಂದ ಚೀಟಿಯಿಲ್ಲದೆ ಗುಳಿಗೆ ತಂದು ನುಂಗುವವನಿಗೆ, ತಾನು ಯಾವ ದಾರಿಯಲ್ಲಿದ್ದೇನೆಂಬುದೇ ಕೆಲವೊಮ್ಮೆ ತಿಳಿದಿರುವುದಿಲ್ಲ. ರಜೆ ಕೇಳಿದರೆ ಕೆಲಸ ಹೋಗುವ ಭಯ, ಹೇಳಿಕೊಂಡರೆ ಸುದ್ದಿ ಊರಿಗೆ ಮುಟ್ಟುವ ಭಯ. ಷಾನ್ಸಿಯ ರೈತನಿಗಿದ್ದ ಅಡ್ಡಿಗಳಿಗೂ ಇವಕ್ಕೂ ನಾವು ದೊಡ್ಡ ವ್ಯತ್ಯಾಸವನ್ನು ಕಾಣೆವು. ಅಂಥವರ ಸಲುವಾಗಿ ೧೪೪೪೬ ಎಂಬ ಸರಕಾರದ ಉಚಿತ ದೂರವಾಣಿ ಇದೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಇದಕ್ಕಾಗಿಯೇ ಪ್ರತ್ಯೇಕ ವಿಭಾಗವಿದೆ.

ಷೀ ತನ್ನ ಕೊನೆಯ ವರ್ಷಗಳನ್ನು ಬಂಡಿಯಲ್ಲಿಯೇ ಕಳೆದನೆನ್ನಬಹುದು. ಒಂದು ಆಶ್ರಯದಿಂದ ಇನ್ನೊಂದಕ್ಕೆ ಧೂಳಿನ ದಾರಿ. ಅಲ್ಲಿಯ ಲೆಕ್ಕಪತ್ರ, ಅಲ್ಲಿಯ ಜಗಳ, ಮತ್ತೆ ಕೊಳವೆ ಹಿಡಿದವರ ಮನೆಗೆ ಭೇಟಿ. ೧೮೯೫ರಲ್ಲಿ ಶರೀರ ಕುಸಿಯಿತು. ಕೆಲವು ತಿಂಗಳು ಹಾಸಿಗೆಯಲ್ಲಿದ್ದು ೧೮೯೬ರ ಫೆಬ್ರುವರಿಯಲ್ಲಿ ತನ್ನ ಹಳ್ಳಿಯ ಮನೆಯಲ್ಲಿ ತೀರಿಕೊಂಡನು. ಆತನಿಗೆ ಬಹುಮಾನವನ್ನಿತ್ತ ಡೇವಿಡ್ ಹಿಲ್ಲರೂ ಅದೇ ವರ್ಷ ಹ್ಯಾಂಕೌ ಪಟ್ಟಣದಲ್ಲಿ ಮಡಿದರು. ಹತ್ತು ವರ್ಷಗಳ ತರುವಾಯ, ೧೯೦೬ರಲ್ಲಿ, ಚೀನಾದ ಸರಕಾರ ಅಫೀಮಿನ ವಿರುದ್ಧ ಕಟ್ಟಾಜ್ಞೆಯನ್ನು ಹೊರಡಿಸಿತು. ಮರುವರ್ಷ ಬ್ರಿಟಿಷರೊಡನೆ ಆದ ಕರಾರಿನಂತೆ ಹಿಂದೂಸ್ಥಾನದಿಂದ ಸಾಗುತ್ತಿದ್ದ ಪೆಟ್ಟಿಗೆಗಳು ವರ್ಷವರ್ಷಕ್ಕೂ ಕಡಮೆಯಾಗತೊಡಗಿದುವು.

ಷೀಯ ಹೆಂಡತಿ ಗಂಡನ ತರುವಾಯವೂ ಬದುಕಿದ್ದಳು. ಆಕೆ ಹೋಗಿ ನೆಲಸಿದುದು ತನ್ನ ಒಡವೆಯ ಹಣದಿಂದ ಬಾಗಿಲು ತೆರೆದ ಹುವೋಜೋ ಪಟ್ಟಣದಲ್ಲಿಯೇ. ಅಲ್ಲಿ ಅಫೀಮು ಬಿಡಲು ಬರುತ್ತಿದ್ದ ಹೆಂಗಸರ ಆರೈಕೆಯಲ್ಲಿ ಆಕೆ ಬಹುಕಾಲ ದುಡಿದಳು.